ಎಸ್ಪೋಸಿತೊ ಅನ್ನೋ ಅಡ್ಡಹೆಸರಿನ ಅರ್ಥ ಕೇಳಿದ್ದು ತಪ್ಪಾಯ್ತಾ?

ತುಂಗಾತೀರ:
ನನ್ನ ಜೊತೆ ಕೆಲಸ ಮಾಡುವ ಗೆಳೆಯ ಇಟಲಿಯ ನೇಪಲ್ಸ್‌ನವನು. ಅಡ್ಡಹೆಸರು ಎಸ್ಪೋಸಿತೊ. ಮೊನ್ನೆ ಊಟ ಮಾಡುವಾಗ ಅದರ ಅರ್ಥ ಕೇಳಿದೆ. "ಬಿಟ್ಟುಹೋದ ಮಗು" ಅಂದು ಸುಮ್ಮನಾದ. ಕೇಳಬಾರದ್ದು ಕೇಳಿಬಿಟ್ಟೆನಾ ಅಂತ ಅವತ್ತಿನಿಂದ ಕಸಿವಿಸಿ. ಗೊತ್ತಿದ್ದವರು ಹೇಳಿ.

ಹಳೇಪೇಟೆ:
ನಾನು ನೇಪಲ್ಸ್‌ನಲ್ಲಿ ಎರಡು ವರ್ಷ ಇದ್ದೆ. ಅಲ್ಲಿ ಯಾವ ಕಟ್ಟಡದ ಕರೆಗಂಟೆ ಫಲಕ ನೋಡಿದರೂ ಒಬ್ಬ ಎಸ್ಪೋಸಿತೊ ಇರುತ್ತಾನೆ. ಲ್ಯಾಟಿನ್‌ನ 'ಎಕ್ಸ್‌ಪೋಸಿತುಸ್', ಅಂದರೆ 'ಹೊರಗೆ ಇಟ್ಟದ್ದು' ಅನ್ನೋದು ಮೂಲ.

ಊರಿನ ಹಳೇ ಭಾಗದಲ್ಲಿ ಅನುಂತ್ಸಿಯಾತಾ ಅನ್ನೋ ಅನಾಥಾಲಯ ಇತ್ತು. ಅದರ ಬೀದಿ ಗೋಡೆಯಲ್ಲಿ ಒಂದು ಕಿಂಡಿ, ಕಿಂಡಿಯ ಹಿಂದೆ ತಿರುಗುವ ಮರದ ಪೀಪಾಯಿ. ಸಾಕಲಾಗದ ತಾಯಿ ಮಗುವನ್ನು ಅದರಲ್ಲಿ ಮಲಗಿಸಿ ಗಂಟೆ ಬಾರಿಸುತ್ತಿದ್ದಳು. ಒಳಗೆ ಕಾಯುತ್ತಿದ್ದ ಹೆಂಗಸು ಪೀಪಾಯಿ ತಿರುಗಿಸಿ ಮಗು ಎತ್ತಿಕೊಳ್ಳುತ್ತಿದ್ದಳು. ಒಬ್ಬರ ಮುಖ ಒಬ್ಬರಿಗೆ ಕಾಣದು. ಮಗುವಿನ ಕೊರಳಿಗೆ ಸೀಸದ ಬಿಲ್ಲೆ, ದಫ್ತರದಲ್ಲಿ ಎಸ್ಪೋಸಿತೊ ಅನ್ನೋ ಹೆಸರು.

ಹೆಸರು ಕೇಳಿದ ಕೂಡಲೇ ಹುಟ್ಟು ಗೊತ್ತಾಗುತ್ತೆ ಅಂತ 1814ರಲ್ಲಿ ನೇಪಲ್ಸ್‌ನ ರಾಜ ಮುರಾ ಹೊಸದಾಗಿ ಬರುವ ಮಕ್ಕಳಿಗೆ ಇದನ್ನು ಇಡದಂತೆ ಮಾಡಿದ. ಅಷ್ಟರಲ್ಲಿ ಎಷ್ಟೋ ಮನೆತನಗಳಿಗೆ ಇದೇ ಹೆಸರು ನಿಂತುಬಿಟ್ಟಿತ್ತು. ಕಿಂಡಿ ಮುಚ್ಚಿದ್ದು 1875ರಲ್ಲಿ. ಪೀಪಾಯಿ ಈಗಲೂ ಅಲ್ಲೇ ಇದೆ. ನಾನು ಕಿಂಡಿಯ ಅಂಚಿಗೆ ಕೈ ಇಟ್ಟು ನೋಡಿದೆ. ಅಂಗೈ ತೆಗೆಯೋಕೆ ಮನಸ್ಸೇ ಬರಲಿಲ್ಲ.

ಇನ್ನೊಂದು ಮಾತು. ಆ ಮಕ್ಕಳನ್ನು ಊರಿನವರು 'ಮಡೋನ್ನಾಳ ಮಕ್ಕಳು' ಅಂತಲೇ ಕರೆಯುತ್ತಿದ್ದರು. ತಾಯಿ ಮೇರಿಯ ಮಕ್ಕಳು ಅಂತ. ನಿಮ್ಮ ಗೆಳೆಯನಿಗೆ ಇದು ಗೊತ್ತಿರುತ್ತೆ.

ಬೆಟ್ಟದಹೂ:
ಫ್ಲಾರೆನ್ಸ್‌ನಲ್ಲೂ ಹೀಗೇ. 1445ರಲ್ಲಿ ಬಾಗಿಲು ತೆರೆದ ಇನ್ನೊಚೆಂತಿ ಅನಾಥಾಲಯದ ಮಕ್ಕಳಿಗೆ ಇನ್ನೊಚೆಂತಿ ಅನ್ನೋ ಹೆಸರು ಬಂತು, 'ಮುಗ್ಧರು' ಅಂತ. ಅಲ್ಲಿನ ಮ್ಯೂಸಿಯಂನಲ್ಲಿ ಅರ್ಧ ಮುರಿದ ಪದಕಗಳಿವೆ. ಮುಂದೆ ಯಾವತ್ತಾದರೂ ಗುರುತು ಹಿಡಿಯೋಕೆ ಅಂತ ಇನ್ನರ್ಧ ತಾಯಿ ಇಟ್ಟುಕೊಳ್ಳುತ್ತಿದ್ದಳು. ಬಿಟ್ಟುಹೋದರು ಅನ್ನೋಕೆ ನನಗಂತೂ ಬಾಯಿ ಬರಲ್ಲ.

ತುಂಗಾತೀರ:
ಇವತ್ತು ಅವನ ಹತ್ತಿರ 'ಮಡೋನ್ನಾಳ ಮಕ್ಕಳು' ಅಂದೆ. ತಲೆ ಎತ್ತಿ ನೋಡಿದ. "ನನ್ನಜ್ಜಿ ಹಾಗೇ ಹೇಳೋಳು" ಅಂದ. ಆಮೇಲೆ ಕಾಫಿ ತಣ್ಣಗಾಗುವವರೆಗೂ ಅಜ್ಜಿಯ ವಿಷಯವೇ.