ಸಣ್ಣ ಫ್ರೇಮ್ ಕ್ಯಾಮೆರಾದಾಗ ಫಿಲ್ಮ್ ಸಪಾಟ್ ಕೂಡೋದು ಅಷ್ಟು ಮುಖ್ಯ ಏನ್ರಿ?

ಕೊಪ್ಪಳದಾಂವ: ನಮಸ್ಕಾರ್ರಿ. ನನ್ನ ಹತ್ರ ಒಲಿಂಪಸ್ ಪೆನ್ ಡಿ ಐತಿ, ಹಾಫ್ ಫ್ರೇಮು (ಮಾಮೂಲಿ 35 ಎಂಎಂ ಫ್ರೇಮಿನ ಅರ್ಧದಷ್ಟು ಫೋಟೋ), 32 ಎಂಎಂ ಎಫ್ 1.9 ಲೆನ್ಸ್. ಇಟಗಿ ಮಹಾದೇವ ಗುಡಿ ಒಳಗ ಬೆಳಕು ಕಡಿಮಿ ಅಂತ ಪೂರ್ತಿ ಓಪನ್ ಇಟ್ಟು ಕಂಬದ ಫೋಟೋ ತಗದಿದ್ದೆ, ಸ್ಕ್ಯಾನ್ ನೋಡಿದ್ರ ಕೆಲವು ಫ್ರೇಮ್ ಮಸಕು ಮಸಕು, ಹೊರಗ ಬಿಸಿಲಾಗ ತಗದಿದ್ದು ಎಲ್ಲಾ ಶಾರ್ಪ್ ಬಂದಾವ. ಫಿಲ್ಮ್ ಗೇಟಿನ್ಯಾಗ (ಬೆಳಕು ಬೀಳೋ ಚೌಕಟ್ಟಿನ್ಯಾಗ) ಡೊಂಕಾಗಿ ಕುಂತಿತ್ತೇನೋ ಅನ್ನಸ್ತೈತಿ. ಫಿಲ್ಮಿನ ಬೆನ್ನಿಗಿರೋ ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಬಿಗಿ ಮಾಡಿಸ್ಲೇನ್ರಿ?

ಬಳ್ಳಾರಿ ಗುಡ್ಡ: ಸಣ್ಣ ಲೆನ್ಸ್ ಅಲ್ಲೇನ್ರಿ, ಡೆಪ್ತ್ (ಶಾರ್ಪ್ ಕಾಣೋ ದೂರದ ಹರವು) ಜಾಸ್ತಿ ಇರ್ತೈತಿ, ಫಿಲ್ಮ್ ಸ್ವಲ್ಪ ಬಾಗಿದ್ರ ಏನೂ ಆಗಂಗಿಲ್ಲ.

ರಾಯಚೂರು ರೀಲು: ಇಲ್ಲಣ್ಣ, ಆ ಡೆಪ್ತ್ ಲೆನ್ಸಿನ ಮುಂದಿಂದು. ಹಿಂದ ಫಿಲ್ಮ್ ಎಷ್ಟು ಸರಿದ್ರ ನಡೀತೈತಿ ಅನ್ನೋದು ಲೆನ್ಸ್ ಉದ್ದದ ಮ್ಯಾಲ ಇಲ್ಲ, ಅಪರ್ಚರ್ (ಲೆನ್ಸಿನ ಕಿಂಡಿ, ಎಫ್ ನಂಬರ್ ದೊಡ್ಡದಾದಷ್ಟು ಸಣ್ಣದು) ಮ್ಯಾಲ ಐತಿ, ಆಮ್ಯಾಲ ಫೋಟೋ ಎಷ್ಟು ದೊಡ್ಡದು ಮಾಡ್ತೀವಿ ಅನ್ನೋದ್ರ ಮ್ಯಾಲ. ಹಾಫ್ ಫ್ರೇಮ್ ಜಾಸ್ತಿ ಹಿಗ್ಗಸ್ಬೇಕಲ್ರಿ, ಅದಕ್ಕ ಕಣ್ಣಿಗೆ ಶಾರ್ಪ್ ಅನ್ನಸೋ ಮಸುಕಿನ ಚುಕ್ಕಿ ಫಿಲ್ಮ್ ಮ್ಯಾಲ 0.02 ಎಂಎಂ ತನಕ ಅಂತ ಹಿಡದ್ರ ಎಫ್ 1.9ಕ್ಕ ಆ ಕಡಿ ಈ ಕಡಿ 0.04 ಎಂಎಂ ಅಷ್ಟ ಸಿಗೋದು, ಎಫ್ 8ಕ್ಕ 0.16. ಬಿಸಿಲಾಗ ಕಿಂಡಿ ಸಣ್ಣದು ಇಡ್ತೀವಿ, ಶಾರ್ಪ್ ಬರೋದು ಅದಕ್ಕ. ಅಂದ್ರ ಫಿಲ್ಮ್ ಸಪಾಟ್ ಇರೋದು ಖರೇನ ಮುಖ್ಯ, ಆದ್ರ ನಿಮ್ಮ ಕೇಸಿನ್ಯಾಗ ನನಗ ಅನುಮಾನ ಬ್ಯಾರೆ ಕಡಿ. ಪೆನ್ ಡಿಗೆ ರೇಂಜ್‌ಫೈಂಡರ್ (ದೂರ ಅಳೆಯೋ ಸಾಧನ) ಇಲ್ಲ, ದೂರ ಅಂದಾಜಿನ ಮ್ಯಾಲ ಇಡ್ಬೇಕು. 2 ಮೀಟರ್ ಇಟ್ಟು ಕಂಬ 2.5 ಮೀಟರಿಗೆ ಇದ್ರ ಫೋಕಸ್ ಫಿಲ್ಮಿನಿಂದ 0.1 ಎಂಎಂ ಸರೀತೈತಿ, ಅಷ್ಟೊಂದು ಫಿಲ್ಮ್ ಬಾಗೋದು ಅಪರೂಪ. ಸ್ಪ್ರಿಂಗ್ ಮುಟ್ಟಬ್ಯಾಡ್ರಿ! ಪ್ಲೇಟ್ ಫಿಲ್ಮನ್ನ ಒತ್ತಿ ಹಿಡಿಯೋದಿಲ್ಲ, ಹೊರಗಿನ ಹಳಿ ಮ್ಯಾಲ ಕೂಡ್ತೈತಿ, ಫಿಲ್ಮಿಗೆ ಸ್ವಲ್ಪ ಜಾಗ ಬೇಕಂತನ ಬಿಟ್ಟಿರ್ತಾರ.

ಕೊಪ್ಪಳದಾಂವ: ಹಂಗಾರ ಯಾವುದರ ತಪ್ಪು ಅಂತ ತಿಳಕೊಳ್ಳೋದು ಹ್ಯಾಂಗ್ರಿ?

ರಾಯಚೂರು ರೀಲು: ಟ್ರೈಪಾಡ್ ಹಾಕಿ, ಟೇಪ್ ಹಿಡದು ದೂರ ಅಳದು, ಗ್ವಾಡಿಗೆ ಪೇಪರ್ ಅಂಟ್ಸಿ, ಎಫ್ 1.9ಕ್ಕ ಒಂದ ದೂರದಿಂದ ಆರೇಳು ಫ್ರೇಮ್ ಹೊಡೀರಿ. ಎಲ್ಲಾ ಒಂದ ನಮೂನಿ ಮಸಕು ಇದ್ರ ಲೆನ್ಸ್ ಇಲ್ಲಾ ಅದರ ಮ್ಯಾಲಿನ ದೂರದ ಸ್ಕೇಲ್ ಸರಿ ಇಲ್ಲ. ಒಂದು ಚಲೋ ಒಂದು ಕೆಟ್ಟ ಬಂದ್ರ, ಅದೂ ನಡುವ ಒಂಥರ ಅಂಚು ಒಂಥರ ಇದ್ರ, ಆಗ ಫಿಲ್ಮ್ ಮ್ಯಾಲ ಅನುಮಾನ ಪಡ್ರಿ. ಎಲ್ಲಾ ಶಾರ್ಪ್ ಬಂದ್ರ ಗುಡ್ಯಾಗ ದೂರದ ಅಂದಾಜ ತಪ್ಪಿತ್ತು.

ಹಳೇ ಸ್ಟುಡಿಯೋ: ತಮ್ಮಾ, ಈ ಚಿಂತಿ ಕಂಪನಿಗಳಿಗೂ ಇತ್ತು. ಮಿನಾಕ್ಸ್ ಅನ್ನೋ ಪುಟ್ಟ ಕ್ಯಾಮೆರಾದಾಗ ಫೋಟೋ ಹೊಡಿಯೋ ಮುಂದ ಪ್ಲೇಟ್ ಫಿಲ್ಮನ್ನ ಒತ್ತತಿತ್ತು, 1990ರ ಕಾಂಟ್ಯಾಕ್ಸ್ ಆರ್‌ಟಿಎಸ್ 3 ಕ್ಯಾಮೆರಾದಾಗ ಗಾಳಿ ಎಳದು ಫಿಲ್ಮನ್ನ ಪ್ಲೇಟಿಗೆ ಹಚ್ಚತಿದ್ರು. ನಮ್ಮ ಕಡಿ ಬ್ಯಾಸಿಗ್ಯಾಗ ಅರ್ಧ ಮುಗದ ರೀಲು ತಿಂಗಳಗಟ್ಲೆ ಕ್ಯಾಮೆರಾದಾಗ ಬಿಡಬ್ಯಾಡ, ಬಾಗಿದ ಜಾಗದಾಗ ಹಂಗ ಸೆಟ್ ಆಗ್ತೈತಿ. ಭಾಳ ದಿನ ಇಟ್ಟಿದ್ರ ಒಂದು ಫ್ರೇಮ್ ಖಾಲಿ ಬಿಟ್ಟು ಮುಂದಿನದ್ರಾಗ ಹೊಡಿ.