ಹಾಟ್ ಡಾಗ್ ಯಾವ ಜಾತಿ?

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಸೀನನ ಮನೆ ಹಿತ್ತಲು. ಜುಲೈ ತಿಂಗಳ ಸೆಕೆ. ಗ್ರಿಲ್ಲಿನ ಒಂದು ಕಡೆ ಬನ್ನಿನೊಳಗೆ ಇಟ್ಟು ತಿನ್ನುವ ಮಾಂಸದ ಸಾಸೇಜು, ಅಂದರೆ ಹಾಟ್ ಡಾಗ್, ಇನ್ನೊಂದು ಕಡೆ ಜೋಳದ ತೆನೆ, ನಡುವೆ ಅಲ್ಯೂಮಿನಿಯಂ ಹಾಳೆಯ ಗಡಿ. ಹಾಸನದಿಂದ ಬಂದಿದ್ದ ಸೀನನ ಅಪ್ಪನಿಗಾಗಿ ಆ ಗಡಿ. ರಾಯರು ಮಾರಾಟ ತೆರಿಗೆ ಇಲಾಖೆಯಲ್ಲಿ ದುಡಿದು ರಿಟೈರ್ ಆದವರು. ಕುರ್ಚಿಯನ್ನು ಜೋಳದ ಕಡೆಗೇ ಎಳೆದುಕೊಂಡು ಕೂತಿದ್ದರು.

"ಇನ್ನೊಂದು ಸ್ಯಾಂಡ್‌ವಿಚ್ ಇದೆ, ಯಾರಿಗೆ?" ಪದ್ಮ ಕೇಳಿದಳು.

ಮಂಜು ತಟ್ಟೆ ಕೆಳಗಿಟ್ಟ. "ಹಾಟ್ ಡಾಗ್‌ಗೆ ಸ್ಯಾಂಡ್‌ವಿಚ್ ಅಂತಾರಾ ಯಾರಾದ್ರೂ?"

"ಆ ಕಡೆ ಬ್ರೆಡ್ಡು, ಈ ಕಡೆ ಬ್ರೆಡ್ಡು, ಮಧ್ಯೆ ತಿನ್ನೋದು. ಇನ್ನೇನು ಬೇಕು?"

"ಆ ಕಡೆ ಈ ಕಡೆ ಎಲ್ಲಿದೆ? ಬನ್ನು ಕೆಳಗೆ ಅಂಟಿಕೊಂಡಿದೆ ನೋಡು. ಒಂದೇ ತುಂಡು."

ಇಷ್ಟಕ್ಕೆ ಬಿಡಬಹುದಿತ್ತು. ಆದರೆ ಮಂಜು ಸಾಕ್ಷಿ ಇಲ್ಲದೆ ಜಗಳಕ್ಕೆ ಬರುವವನಲ್ಲ. ಹಾಟ್ ಡಾಗ್‌ನವರದ್ದೇ ಒಂದು ರಾಷ್ಟ್ರೀಯ ಮಂಡಳಿ ಇದೆ. ಅದು 2015ರಲ್ಲೇ, ಇದು ಸ್ಯಾಂಡ್‌ವಿಚ್ ಅಲ್ಲ ಅಂತ ಹೇಳಿಕೆ ಕೊಟ್ಟಿದೆ ಅಂದ.

"ಮಾರೋರು ಹೇಳಿದ್ರೆ ಮುಗೀತಾ? 2018ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟಿನ ಜಡ್ಜ್ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರನ್ನೇ ಟೀವಿಯಲ್ಲಿ ಕೇಳಿದರು. ಸ್ಯಾಂಡ್‌ವಿಚ್ ಅಂದ್ರೇನು ಹೇಳಿ ಅಂತ ಆಕೆ ತಿರುಗಿ ಕೇಳಿ, ಹಾಗಾದ್ರೆ ಇದೂ ಅದೇ ಅಂದುಬಿಟ್ಟರು."

"ಟೀವಿಯಲ್ಲಿ ಹೇಳಿದ್ದು ತೀರ್ಪಲ್ಲ ಪದ್ಮಾ."

ರಾಯರು ಜೋಳ ಬಿಡಿಸುತ್ತಾ ಅಂದರು, "ಏಳು ಸಮುದ್ರ ದಾಟಿ ಬಂದ್ರೂ ಜಾತಿ ಕೇಳೋದು ಬಿಡಲಿಲ್ಲವಲ್ರಪ್ಪಾ."

"ಬಹಿಷ್ಕಾರ ಕೂಡ ಇದೆ ಅಪ್ಪಾ," ಅಂದ ಸೀನ. ಕೋನಿ ಐಲೆಂಡ್‌ನಲ್ಲಿ ಪ್ರತಿ ಜುಲೈ 4ಕ್ಕೆ ಹಾಟ್ ಡಾಗ್ ತಿನ್ನುವ ಸ್ಪರ್ಧೆ. ಜೋಯಿ ಚೆಸ್ಟ್‌ನಟ್ ಅನ್ನುವವನು 2021ರಲ್ಲಿ ಹತ್ತೇ ನಿಮಿಷಕ್ಕೆ 76 ನುಂಗಿದ. ಅಂಥವನನ್ನು 2024ರಲ್ಲಿ ಪಂಕ್ತಿಗೆ ಸೇರಿಸಲಿಲ್ಲ. ಮಾಂಸವಿಲ್ಲದ ಹಾಟ್ ಡಾಗ್ ಮಾಡುವ ಕಂಪನಿಯ ಜೊತೆ ಕೈ ಜೋಡಿಸಿದ್ದೇ ತಪ್ಪು. ಮರುವರ್ಷ ವಾಪಸ್ ಕರೆದರು.

"ಪ್ರಾಯಶ್ಚಿತ್ತ ಮಾಡಿಸಿಕೊಂಡಿರ್ತಾರೆ," ಅಂದರು ರಾಯರು.

ನನಗೆ ಗೊತ್ತಿದ್ದುದು ಬರೀಟೊ ಕೇಸು ಒಂದೇ. ಬರೀಟೊ ಅಂದರೆ ಒಳಗೆ ತುಂಬಿಸಿ ಸುತ್ತಿಕೊಡುವ ಮೆಕ್ಸಿಕನ್ ತಿಂಡಿ. ಬಿಡುತ್ತೇನೆಯೇ? ಮಾಸಾಚುಸೆಟ್ಸ್‌ನ ಒಂದು ಮಾಲ್. ಬೇರೆ ಸ್ಯಾಂಡ್‌ವಿಚ್ ಅಂಗಡಿ ಬರಬಾರದು ಅಂತ ಅಲ್ಲಿನ ಒಂದು ಬ್ರೆಡ್ ಅಂಗಡಿ ಬಾಡಿಗೆ ಕರಾರಿನಲ್ಲೇ ಬರೆಸಿಕೊಂಡಿತ್ತು. ಅಷ್ಟರಲ್ಲಿ ಬರೀಟೊದವರು ಬಂದರು. 2006ರಲ್ಲಿ ಕೇಸು ಕೋರ್ಟಿಗೆ ಹೋಯಿತು. ಸ್ಯಾಂಡ್‌ವಿಚ್ ಅಂದರೆ ಎರಡು ಹೋಳು ಬ್ರೆಡ್ಡು, ಬರೀಟೊಗೆ ಸುತ್ತುವುದು ಒಂದೇ ಟಾರ್ಟಿಯಾ ರೊಟ್ಟಿ, ಹಾಗಾಗಿ ಅದು ಸ್ಯಾಂಡ್‌ವಿಚ್ ಅಲ್ಲ ಅಂದರು ಜಡ್ಜ್.

"ಗೆದ್ದೆ!" ಮಂಜು ತೊಡೆ ತಟ್ಟಿದ.

"ತಾಳು," ಅಂದಳು ಪದ್ಮ. "2024ರಲ್ಲಿ ಇಂಡಿಯಾನಾದ ಫೋರ್ಟ್ ವೇಯ್ನ್‌ನಲ್ಲಿ ಉಲ್ಟಾ ಆಯ್ತು. ಅಲ್ಲಿ ಸ್ಯಾಂಡ್‌ವಿಚ್ ಅಂಗಡಿಗೆ ಮಾತ್ರ ಜಾಗ ಅಂತ ಷರತ್ತು. ಬಂದವರು ಟ್ಯಾಕೊದವರು, ರೊಟ್ಟಿ ಮಡಚಿ ಒಳಗೆ ತುಂಬಿಸಿಕೊಡೋರು. ಟ್ಯಾಕೊ, ಬರೀಟೊ ಎರಡೂ ಮೆಕ್ಸಿಕನ್ ಶೈಲಿಯ ಸ್ಯಾಂಡ್‌ವಿಚ್ಚೇ ಅಂದರು ಅಲ್ಲಿನ ಜಡ್ಜ್. ನಾನ್‌ನಲ್ಲಿ ಸುತ್ತಿಕೊಡೋ ನಮ್ಮ ತಿಂಡಿಯೂ ಆ ಷರತ್ತಿನೊಳಗೇ ಬರುತ್ತೆ ಅಂತ ತೀರ್ಪಿನಲ್ಲೇ ಬರೆದರು."

"ಹಾಗಾದ್ರೆ ಮಸಾಲೆ ದೋಸೆ?" ಅಂದ ಸೀನ.

ಎಲ್ಲರೂ ಗಪ್‌ಚುಪ್. ಫ್ಲಷಿಂಗ್ ಗಣೇಶನ ಗುಡಿಯ ಕ್ಯಾಂಟೀನಿನ ದೋಸೆ ನನ್ನ ಕಣ್ಣ ಮುಂದೆ ಬಂತು.

"ಮಡಚಿದೆ, ಒಳಗೆ ಪಲ್ಯ ಇದೆ..." ಮಂಜು ಶುರು ಮಾಡಿದ.

"ಬಾಯಿ ಮುಚ್ಚು ಮಂಜು," ಅಂದಳು ಪದ್ಮ.

ರಾಯರಿಗೆ ಮಾತ್ರ ಆಘಾತವೇನೂ ಆದ ಹಾಗಿರಲಿಲ್ಲ. "ಒಂದು ಕಡೆ ಪಕ್ಕದ ಅಂಗಡಿ ಬರದಿರಲಿ ಅಂತ, ಇನ್ನೊಂದು ಕಡೆ ಅಂಗಡಿ ಬರಲಿ ಅಂತ. ಇದರಲ್ಲಿ ತಿಂಡಿ ವಿಷಯ ಎಲ್ಲಿದೆ? ನಮ್ಮಲ್ಲಿ ಪರೋಟ ಕೇಸು ನೆನಪಿಲ್ವಾ?"

ನೆನಪಿತ್ತು. 2020ರಲ್ಲಿ ಬೆಂಗಳೂರಿನ ಕಂಪನಿಯೊಂದು ನಮ್ಮ ಪರೋಟಾನೂ ರೊಟ್ಟಿಯೇ, ಜಿಎಸ್‌ಟಿ 5% ಹಾಕಿ ಅಂತ ಕೇಳಿತ್ತು. ರೊಟ್ಟಿ ಹಾಗೇ ತಿನ್ನಬಹುದು, ಪರೋಟ ಬಿಸಿ ಮಾಡಬೇಕು, ಆದ್ದರಿಂದ 18% ಅಂತ ಕರ್ನಾಟಕದ ತೆರಿಗೆ ಪ್ರಾಧಿಕಾರ ಹೇಳಿತು. 2025ರ ಸೆಪ್ಟೆಂಬರಿನಲ್ಲಿ ಎರಡಕ್ಕೂ ಸೊನ್ನೆ ಮಾಡಿದರು.

"ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸೋಕೆ ಐದು ವರ್ಷ ಬೇಕಾಯ್ತು," ಅಂದರು ರಾಯರು.

"ಇಲ್ಲಿ ಬೇಗಲ್‌ದೂ ಅದೇ ಕಥೆ," ಅಂದ ಸೀನ. ಬೇಗಲ್ ಅಂದರೆ ನಡುವೆ ತೂತಿರುವ ಉರುಟು ಬ್ರೆಡ್ಡು. ನ್ಯೂಯಾರ್ಕ್ ತೆರಿಗೆ ಇಲಾಖೆಯ ಪ್ರಕಾರ ಹಾಟ್ ಡಾಗೂ ಸ್ಯಾಂಡ್‌ವಿಚ್ಚೇ, ಬರೀಟೊನೂ ಸ್ಯಾಂಡ್‌ವಿಚ್ಚೇ. ಆದರೆ ಇಡೀ ಬೇಗಲ್ ಕೊಂಡು ಮನೆಗೆ ಒಯ್ದರೆ ಅದು ದಿನಸಿ, ತೆರಿಗೆ ಇಲ್ಲ. ಅಂಗಡಿಯಲ್ಲೇ ಕೊಯ್ಸಿದರೆ ಅದು ತಯಾರಿಸಿದ ಊಟ, ನಗರದಲ್ಲಿ 8.875% ತೆರಿಗೆ.

ರಾಯರು ಜೋಳ ಕೆಳಗಿಟ್ಟರು. "ಏನೂ ಸವರದೆ, ಬರೀ ಕೊಯ್ದರೂ?"

"ಬರೀ ಕೊಯ್ದರೂ."

"ಮನೆಗೆ ತಂದು ನಾವೇ ಕೊಯ್ದರೆ?"

"ಏನಿಲ್ಲ."

"ಹಾಗಾದ್ರೆ ತೆರಿಗೆ ಚಾಕುಗೆ!" ರಾಯರ ಮುಖದಲ್ಲಿ ಸಿಟ್ಟಿರಲಿಲ್ಲ. ನನಗಿದು ಹೊಳೀಲಿಲ್ಲವಲ್ಲಾ ಅನ್ನುವ ಹೊಟ್ಟೆಕಿಚ್ಚಿತ್ತು. "ಬರೆದವನು ಸಾಮಾನ್ಯನಲ್ಲ."

ಮಂಜು ಮತ್ತೆ ಬನ್ನಿನ ತಳದ ಬಗ್ಗೆ ಏನೋ ಶುರು ಮಾಡಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಪದ್ಮ ಒಳಗಿನಿಂದ ಬೇಗಲ್, ಚಟ್ನಿಪುಡಿ ತಂದಳು. ಮಾವನ ತಟ್ಟೆಗೆ ಒಂದು ಬೇಗಲ್ ಇಟ್ಟು ಚಾಕು ಎತ್ತಿದಳು.

ರಾಯರು ತಟ್ಟೆಗೆ ಕೈ ಅಡ್ಡ ಹಿಡಿದರು.

"ಬೇಡಮ್ಮಾ, ಕೊಯ್ಯಬೇಡ. ಹಾಗೇ ಇರಲಿ. ಚಟ್ನಿಪುಡಿ ತೂತಿಗೇ ಹಾಕಿಬಿಡು."