ಗೇಮಿಂಗ್ ಪಿಸಿಗೆ ಯಾವ ಸೈಜಿನ ಮದರ್‌ಬೋರ್ಡ್ ತಗೊಳ್ಳಲಿ? ಬಸ್ಸಲ್ಲಿ ಸಾಗಿಸಬೇಕು

ಆಲ್ದೂರು_ಹುಡುಗ:
ಎಲ್ಲರಿಗೂ ನಮಸ್ಕಾರ. ಮೊದಲ ಸಲ ಸ್ವಂತ ಪಿಸಿ ಜೋಡಿಸುತ್ತಿದ್ದೇನೆ. ಪ್ರೊಸೆಸರ್ ಎಎಂಡಿ ಕಂಪನಿಯ ರೈಜೆನ್ 5 7600, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 4060 ಅಂತ ತೀರ್ಮಾನವಾಗಿದೆ. ಇವನ್ನೆಲ್ಲ ಕೂರಿಸುವ ಮದರ್‌ಬೋರ್ಡಿನ ಸೈಜ್ ಮಾತ್ರ ಬಗೆಹರಿಯುತ್ತಿಲ್ಲ.

ಮನೆ ಆಲ್ದೂರಿನ ಹತ್ತಿರ, ತೋಟದೊಳಗೆ. ಓದುವುದು ಹಾಸನದಲ್ಲಿ, ರೂಮ್ ಮಾಡಿಕೊಂಡಿದ್ದೇನೆ. ದೊಡ್ಡ ರಜೆ ಬಂದಾಗ ಪಿಸಿಯನ್ನೂ ಬೇಲೂರು ಮೇಲೆ ಬಸ್ಸಲ್ಲಿ ಊರಿಗೆ ತರಬೇಕು. ಅದಕ್ಕೇ ಚಿಕ್ಕ ಸೈಜಿನ ಮಿನಿ ಐಟಿಎಕ್ಸ್ ಬೋರ್ಡ್ ಮೇಲೆ ಮನಸ್ಸು. ಆದರೆ ಕ್ಲಾಸಿನ ಗೆಳೆಯ "ಗೇಮಿಂಗ್ ಅಂದ್ರೆ ದೊಡ್ಡ ಎಟಿಎಕ್ಸೇ ಬೇಕು, ಚಿಕ್ಕ ಬೋರ್ಡಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಕಡಿಮೆ ಬರುತ್ತೆ" ಅಂತಾನೆ. ನಿಜವಾ? ಕಾಫಿ ಮಾರಿದ ಮೇಲೆ ಅಪ್ಪ ಕೊಟ್ಟ ದುಡ್ಡು ಇದು. ಐದಾರು ವರ್ಷವಾದರೂ ಬಾಳಬೇಕು.

ಹಾಸನ_ಸ್ಕ್ರೂಡ್ರೈವರ್:
ತಮ್ಮಾ, ಸೈಜಿಗೂ ಎಫ್‌ಪಿಎಸ್‌ಗೂ ಸಂಬಂಧವೇ ಇಲ್ಲ. ಅದೇ ಪ್ರೊಸೆಸರ್, ಅದೇ ರ‍್ಯಾಮ್, ಅದೇ ಕಾರ್ಡ್ ಹಾಕಿದರೆ ಮೂರು ಸೈಜಿನಲ್ಲೂ ಆಟ ಒಂದೇ ಥರ ಓಡುತ್ತದೆ. ಎಟಿಎಕ್ಸ್ 305×244 ಮಿ.ಮೀ., ಮೈಕ್ರೋ ಎಟಿಎಕ್ಸ್ 244×244, ಮಿನಿ ಐಟಿಎಕ್ಸ್ 170×170. ದೊಡ್ಡದರಲ್ಲಿ ಹೆಚ್ಚಿಗೆ ಸಿಗುವುದು ಸ್ಲಾಟ್, ಜಾಗ, ಅಷ್ಟೇ.

ನಿನಗೆ ಮೈಕ್ರೋ ಎಟಿಎಕ್ಸ್ ಸರಿ. ಐಟಿಎಕ್ಸ್ ನೋಡೋಕೆ ಮುದ್ದಾಗಿದೆ, ಒಪ್ಪುತ್ತೇನೆ. ಆದರೆ ಅದೇ ಚಿಪ್‌ಸೆಟ್‌ಗೆ (ಬೋರ್ಡಿನ ಭಾಗಗಳನ್ನು ಬೆಸೆಯುವ ಚಿಪ್) ದುಡ್ಡು ಜಾಸ್ತಿ. ಚಿಕ್ಕ ಕ್ಯಾಬಿನೆಟ್‌ಗೆ ಹೆಚ್ಚಾಗಿ ಎಸ್‌ಎಫ್‌ಎಕ್ಸ್ ಅನ್ನುವ ಚಿಕ್ಕ ಸೈಜಿನ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಬೇಕು, ಅದೂ ದುಬಾರಿ. ಕೆಟ್ಟರೆ ನಮ್ಮೂರ ಅಂಗಡಿಯಲ್ಲಿ ತಕ್ಷಣ ಸಿಗುವುದು ಕಷ್ಟ. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಓಡಬೇಕು, ಇಲ್ಲ ಕೊರಿಯರ್ ಕಾಯಬೇಕು. ಪರೀಕ್ಷೆ ಸಮಯದಲ್ಲಿ ಹಾಗಾದರೆ ಏನು ಮಾಡುತ್ತೀಯ? ಮಾಮೂಲಿ ಸೈಜಿನದಾದರೆ ಸಂಜೆಯೊಳಗೆ ಬದಲಾಯಿಸಬಹುದು.

ಬಿ650 ಚಿಪ್‌ಸೆಟ್‌ನ ಬೋರ್ಡ್ ನೋಡು. ವಿಆರ್‌ಎಂ (ಪ್ರೊಸೆಸರ್‌ಗೆ ಕರೆಂಟ್ ಹದಮಾಡಿ ಕೊಡುವ ಭಾಗ) ಮೇಲೆ ಶಾಖ ಹೀರುವ ಹೀಟ್‌ಸಿಂಕ್ ಇರಲಿ, ಎಸ್‌ಎಸ್‌ಡಿ ಕೂರಿಸಲು ಎರಡು ಎಂ.2 ಸ್ಲಾಟ್ ಇರಲಿ. ವೈಫೈ ಬೋರ್ಡಲ್ಲೇ ಬರಲಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಗ್ರಾಫಿಕ್ಸ್ ಕಾರ್ಡ್ ಕೂರಿಸಿದ ಮೇಲೆ ಅದರ ದಪ್ಪ ಕೆಳಗಿನ ಸ್ಲಾಟನ್ನು ಮುಚ್ಚಿಬಿಡುತ್ತದೆ. ಆಮೇಲೆ ವೈಫೈ ಕಾರ್ಡ್ ಹಾಕೋಣ ಅಂದರೆ ಜಾಗ ಇರುವುದಿಲ್ಲ. ರ‍್ಯಾಮ್‌ಗೆ ಎರಡೇ ಸ್ಲಾಟ್ ಇದ್ದರೂ ಚಿಂತೆಯಿಲ್ಲ. 16 ಜಿಬಿಯ ಎರಡು ರ‍್ಯಾಮ್ ಕಡ್ಡಿ ಹಾಕು. 7600ಕ್ಕೆ ಎಎಂಡಿ ಕೊಟ್ಟಿರುವ ಲೆಕ್ಕದಲ್ಲಿ ಎರಡು ಡಿಡಿಆರ್5 (ಈ ಪ್ರೊಸೆಸರ್‌ಗೆ ಬೇಕಾದ ರ‍್ಯಾಮ್ ಬಗೆ) ಕಡ್ಡಿಗೆ ವೇಗ 5200, ನಾಲ್ಕು ಹಾಕಿದರೆ 3600. ನಾಲ್ಕು ತುಂಬಿಸಿ ಲಾಭವಿಲ್ಲ ಅಲ್ವಾ?

ಬಾಳಿಕೆ ವಿಷಯ: ನಿನ್ನ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್ 2022ರಲ್ಲಿ ಬಂತು. ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದರೆ ಇದೇ ಬೋರ್ಡಿಗೆ ರೈಜೆನ್ 9000 ಸರಣಿಯ ಪ್ರೊಸೆಸರೂ ಕೂರುತ್ತದೆ. ಉಳಿದ ದುಡ್ಡಲ್ಲಿ ಒಳ್ಳೆ 550 ವ್ಯಾಟ್ ಎಸ್‌ಎಂಪಿಎಸ್, ಒಂದು ಯುಪಿಎಸ್ ತಗೋ. ನಿಮ್ಮ ಕಡೆ ಕರೆಂಟ್ ಹೇಗೆ ಅಂತ ನಾನು ಹೇಳಬೇಕಾಗಿಲ್ಲ.

ಬೇಲೂರು_ಎಡಿಟರ್:
ಮೇಲಿನವರು ಹೇಳಿದ್ದು ಗೇಮಿಂಗ್‌ಗೆ ಸರಿ. ನಾನು ಮದುವೆ ವಿಡಿಯೋ ಎಡಿಟ್ ಮಾಡುವವನು. ಕ್ಯಾಮೆರಾದ ವಿಡಿಯೋ ಪಿಸಿಗೆ ತರುವ ಕ್ಯಾಪ್ಚರ್ ಕಾರ್ಡ್ ಬೇಕು, ಎಸ್‌ಎಸ್‌ಡಿ ಮೂರ್ನಾಲ್ಕು ಬೇಕು. ಹಾಗಾಗಿ ನನ್ನದು ಎಟಿಎಕ್ಸ್. ಮುಂದೆ ಸ್ಟ್ರೀಮಿಂಗ್, ಎಡಿಟಿಂಗ್ ಅಂತ ಗಟ್ಟಿಯಾಗಿ ಇಳಿಯುವ ಯೋಚನೆ ಇದ್ದರೆ ಮಾತ್ರ ದೊಡ್ಡದು ತಗೊಳ್ಳಿ. ಇಲ್ಲದಿದ್ದರೆ ಸುಮ್ನೆ ಭಾರ.

ಆಲ್ದೂರು_ಹುಡುಗ:
ತುಂಬಾ ಥ್ಯಾಂಕ್ಸ್ ಅಣ್ಣ, ಇಬ್ಬರಿಗೂ. ಎಡಿಟಿಂಗ್ ಯೋಚನೆ ಇಲ್ಲ. ಮೈಕ್ರೋ ಎಟಿಎಕ್ಸ್ ಗಟ್ಟಿ. ಬಸ್ಸಲ್ಲಿ ಹೇಗೆ ತರಲಿ? ಮಳೆಗಾಲದಲ್ಲಿ ನಮ್ಮನೇಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ಬೋರ್ಡಿಗೆ ಏನಾಗುತ್ತೋ ಅಂತ ಅಮ್ಮನಿಗೂ ಭಯ.

ಹಾಸನ_ಸ್ಕ್ರೂಡ್ರೈವರ್:
ಬಸ್ಸಿಗೆ ಹತ್ತಿಸುವ ಮೊದಲು ಗ್ರಾಫಿಕ್ಸ್ ಕಾರ್ಡ್ ಬಿಚ್ಚು. ಕುಲುಕಾಟದಲ್ಲಿ ಅದರ ಭಾರವೆಲ್ಲ ಸ್ಲಾಟಿನ ಮೇಲೆ ಬೀಳುತ್ತದೆ. ಮೊದಲು ಹಿಂದಿನ ಸ್ಕ್ರೂ ತೆಗೆ. ಆಮೇಲೆ ಸ್ಲಾಟಿನ ಒಳತುದಿಯಲ್ಲಿ, ಕಾರ್ಡಿನ ಅಡಿಗೆ, ಒಂದು ಪ್ಲಾಸ್ಟಿಕ್ ಲಾಕ್ ಇರುತ್ತದೆ. ಬೆರಳು ಹೋಗುವುದಿಲ್ಲ. ಸ್ಕ್ರೂಡ್ರೈವರ್ ಹಾಕಬೇಡ, ಜಾರಿದರೆ ಬೋರ್ಡಿನ ಗೆರೆಗಳು ಹರಿದುಹೋಗುತ್ತವೆ. ಪ್ಲಾಸ್ಟಿಕ್ ಸ್ಕೇಲಿನ ತುದಿಯಿಂದ ಮೆಲ್ಲಗೆ ಒತ್ತು. ಟಕ್ ಅಂದ ಮೇಲೆ ಕಾರ್ಡನ್ನು ನೇರ ಎಳೆ. ಅದು ಬಂದ ಡಬ್ಬಿಯಲ್ಲೇ ಇಟ್ಟು ಕೈಚೀಲದಲ್ಲಿ ಹಿಡಿದುಕೋ. 7600 ಜೊತೆ ಬರುವ ಕೂಲರ್ ಹಗುರ, ಅದನ್ನು ಬಿಚ್ಚಬೇಕಿಲ್ಲ.

ಊರಿಗೆ ಹೋದ ಮೇಲೆ ಒದ್ದೆ ಚಳಿಯಲ್ಲಿ ಬಂದದ್ದನ್ನು ಕೂಡಲೇ ಆನ್ ಮಾಡಬೇಡ. ಕೋಣೆಯ ಬಿಸಿಗೆ ಹೊಂದಿಕೊಳ್ಳಲು ಕೆಲವು ಗಂಟೆ ಬಿಡು. ಆಮೇಲೆ ದಿನವೂ ಸ್ವಲ್ಪ ಹೊತ್ತು ಓಡಿಸು, ಒಳಗಿನ ಶಾಖಕ್ಕೆ ತೇವ ನಿಲ್ಲುವುದಿಲ್ಲ. ಬೆಚ್ಚಗಿರುತ್ತದೆ ಅಂತ ಒಲೆಯ ಪಕ್ಕ ಮಾತ್ರ ಇಡಬೇಡ, ಹೊಗೆಯ ಜಿಡ್ಡು ಫ್ಯಾನಿಗೆ ಅಂಟುತ್ತದೆ. ಕ್ಯಾಬಿನೆಟ್‌ಗೆ ಮುಂದೆ ಜಾಲರಿ ಫಿಲ್ಟರ್ ಇರಲಿ. ಹಿಂದಿನ ಖಾಲಿ ಸ್ಲಾಟಿನ ಪಟ್ಟಿ ಬಿಸಾಡಬೇಡ, ಇರುವೆ, ಜಿರಲೆ ಬರುವುದು ಅಲ್ಲಿಂದಲೇ.

ಏಪ್ರಿಲ್, ಮೇ ಗುಡುಗಿಗೆ ಪ್ಲಗ್ ಜೊತೆ ಇಂಟರ್ನೆಟ್ ಕೇಬಲನ್ನೂ ಕೀಳು. ಸಿಡಿಲಿನ ಕರೆಂಟ್ ಆ ತಂತಿಯಲ್ಲೂ ಬಂದು ಬೋರ್ಡ್ ಸುಡುತ್ತದೆ. ಇವತ್ತೇ ಎಲೆಕ್ಟ್ರಿಷಿಯನ್ ಕರೆಸಿ ಮನೆಯ ಅರ್ಥಿಂಗ್ ನೋಡಿಸು. ಬೋರ್ಡ್ ಆರ್ಡರ್ ಮಾಡುವ ಮೊದಲು ಮಾಡೆಲ್ ಹೆಸರು ಇಲ್ಲಿ ಹಾಕು, ಸ್ಲಾಟ್ ಜೋಡಣೆ ನೋಡಿ ಹೇಳುತ್ತೇನೆ.